ಮನೆಗೆ ಹೋಗುವ ದಾರಿಯ ಬೇಕರಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಲವತ್ತು ದಾಟಿದ ಗುಮಾಸ್ತರೊಬ್ಬರು ಸಕ್ಕರೆ ಕಾಯಿಲೆ ಪತ್ತೆಯಾದ ಕೆಲವು ತಿಂಗಳ ನಂತರ ವೈದ್ಯರ ಸೂಚನೆಯಂತೆ ನನ್ನ ಬಳಿ ಬಂದರು. ಕಚೇರಿಯಿಂದ ಮರಳುವಾಗ ತಿರುವಿನ ಬೇಕರಿಯ ಮುಂದೆ ಬೈಕ್ ನಿಲ್ಲಿಸಿ, ಟೀ ಜೊತೆಗೆ ಒಂದು ತುಂಡು ದಿಲ್‌ಪಸಂದ್ ತಿನ್ನುವುದು ಅವರ ಹಲವು ವರ್ಷಗಳ ರೂಢಿ. “ತಿನ್ನಬಾರದು ಅಂತ ಗೊತ್ತು ಮೇಡಂ, ಈಗ ಅಷ್ಟೇನೂ ಆಸೆಯೂ ಇಲ್ಲ. ಅರ್ಧ ತಿಂದ ಮೇಲೆ ಅಯ್ಯೋ ಅನ್ನಿಸುತ್ತೆ. ನನ್ನ ಮನಸ್ಸೇ ಗಟ್ಟಿಯಿಲ್ಲ” ಎಂದರು. ಮನೆಯವರೂ ಅದನ್ನೇ ಹೇಳಿ ಹೇಳಿ ಅವರನ್ನು ಕುಗ್ಗಿಸಿದ್ದರು.

ಭಾನುವಾರ ಸಂಜೆ ಏನು ಮಾಡುತ್ತೀರೆಂದು ಕೇಳಿದೆ. ಆ ದಿನ ಅದರ ನೆನಪೇ ಬರುವುದಿಲ್ಲವೆಂದು ಅವರು ತುಸು ಅಚ್ಚರಿಯಿಂದಲೇ ಹೇಳಿದರು. ಸಿಹಿಯ ಮೇಲಿನ ಆಸೆಯೇ ಕಾರಣವಾಗಿದ್ದರೆ ಭಾನುವಾರವೂ ಅದು ಕಾಡಬೇಕಿತ್ತು. ಇಲ್ಲಿ ಕೆಲಸ ಮಾಡುತ್ತಿದ್ದದ್ದು ಆ ಹೊತ್ತು ಮತ್ತು ಆ ತಿರುವು.

ಕೇಂಬ್ರಿಜ್‌ನ ಕ್ರಿಸ್ಟೋಫರ್ ಆಡಮ್ಸ್ 1982ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರಿಗೆ ವಿವರಿಸಿದೆ. ಸನ್ನೆಕೋಲು ಒತ್ತಿ ಸಕ್ಕರೆ ಗುಳಿಗೆ ಪಡೆಯಲು ಕಲಿತ ಇಲಿಗಳಿಗೆ ಆ ಗುಳಿಗೆಯಿಂದ ಹೊಟ್ಟೆ ತೊಳಸುವಂತೆ ಮಾಡಿದಾಗ, 100 ಸಲ ಒತ್ತಿ ಕಲಿತವು ಒತ್ತುವುದನ್ನು ಕಡಿಮೆ ಮಾಡಿದವು; 500 ಸಲ ಒತ್ತಿ ರೂಢಿಯಾದವು ಒತ್ತುತ್ತಲೇ ಇದ್ದವು. ಫಲವನ್ನು ತೂಗಿ ನೋಡುವ ನಡೆಗೂ ಸೂಚನೆ ಕಂಡೊಡನೆ ಹೊರಡುವ ನಡೆಗೂ ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್‌ನ ಬೇರೆ ಬೇರೆ ಭಾಗಗಳು ಆಧಾರವೆಂದು ನಂತರದ ಅಧ್ಯಯನಗಳು ತೋರಿಸಿವೆ: ಇಲಿಗಳಲ್ಲಿ ಅದರ ಹೊರಬದಿಯ ಮೇಲ್ಭಾಗಕ್ಕೆ ಹಾನಿಯಾದರೆ, ಎಷ್ಟೇ ರೂಢಿಯಾಗಿದ್ದರೂ ನಡೆ ಮತ್ತೆ ಫಲಕ್ಕೆ ಸ್ಪಂದಿಸುತ್ತದೆ. ಮನುಷ್ಯರ ವಿಷಯ ಇಷ್ಟು ನೇರವಲ್ಲ. ಆದರೂ 2011ರ ಅಮೆರಿಕದ ಅಧ್ಯಯನವೊಂದರಲ್ಲಿ, ಸಿನಿಮಾ ಮಂದಿರದಲ್ಲಿ ಪಾಪ್‌ಕಾರ್ನ್ ತಿನ್ನುವ ಗಟ್ಟಿ ಅಭ್ಯಾಸವಿದ್ದವರು ವಾರದಷ್ಟು ಹಳಸಿದ್ದನ್ನೂ ತಾಜಾ ಪಾಪ್‌ಕಾರ್ನ್‌ನಷ್ಟೇ ತಿಂದರು. ಸಭಾ ಕೊಠಡಿಯಲ್ಲಿ ಕೊಟ್ಟಾಗ ಹಾಗಾಗಲಿಲ್ಲ.

ಆದ್ದರಿಂದ ‘ನಾಳೆಯಿಂದ ತಿನ್ನುವುದಿಲ್ಲ’ ಎಂಬ ಶಪಥ ಬೇಡವೆಂದೆ. ಶಪಥ ನೆನಪಾಗುವಷ್ಟರಲ್ಲಿ ಬೈಕಿನ ಸ್ಟ್ಯಾಂಡ್ ಹಾಕಿ ಆಗಿರುತ್ತದೆ. ಬೇಕರಿ ಸಿಗದ ಹಿಂದಿನ ರಸ್ತೆಯಲ್ಲಿ ಹೋಗುವುದು, ಹೊರಡುವ ಮುನ್ನ ಕಚೇರಿಯಲ್ಲೇ ಸಕ್ಕರೆಯಿಲ್ಲದ ಟೀ ಕುಡಿಯುವುದು, ಇವೆರಡೇ ಸಾಕೆಂದು ತಿಳಿಸಿದೆ. ಊಟದ ಪಥ್ಯದ ಪ್ರಶ್ನೆಗಳನ್ನು ವೈದ್ಯರಿಗೇ ಬಿಟ್ಟೆ. ಅವರ ಪತ್ನಿಯನ್ನೂ ಕರೆಸಿ, ಬೈಗುಳದ ಒತ್ತಡವು ಮನುಷ್ಯನನ್ನು ರೂಢಿಯ ಕಡೆಗೇ ತಳ್ಳಬಹುದೆಂದು ಹೇಳಬೇಕಾಯಿತು. ಇಪ್ಪತ್ತೊಂದು ದಿನದಲ್ಲಿ ಎಲ್ಲವೂ ಸರಿಹೋಗುವುದೇ ಎಂದು ಆಕೆ ಕೇಳಿದರು. ಎಲ್ಲರ ಬಾಯಲ್ಲೂ ಇರುವ ಈ ಲೆಕ್ಕವನ್ನು ನಾನು ನಂಬುವುದಿಲ್ಲ. 2010ರ ಲಂಡನ್ ಅಧ್ಯಯನದಲ್ಲಿ ಹೊಸ ಅಭ್ಯಾಸ ನೆಲೆಯೂರಲು ಬೇಕಾದ ಅವಧಿ ಜನರಿಂದ ಜನರಿಗೆ 18ರಿಂದ 254 ದಿನಗಳವರೆಗೆ ಇತ್ತು, ಒಂದು ದಿನ ತಪ್ಪಿದ್ದರಿಂದ ದೊಡ್ಡ ಹಾನಿಯೂ ಆಗಿರಲಿಲ್ಲ.

ಮುಂದಿನ ಭೇಟಿಯ ಹೊತ್ತಿಗೆ ಬೇಕರಿ ಬಹುತೇಕ ತಪ್ಪಿತ್ತು. ಹಿಂದಿನ ರಸ್ತೆಯನ್ನು ಚರಂಡಿ ಕೆಲಸಕ್ಕೆ ಅಗೆದಿದ್ದ ದಿನಗಳಲ್ಲಿ ಮಾತ್ರ ಹಳೆಯ ತಿರುವಿಗೆ ಬಂದೊಡನೆ ಬೈಕ್ ನಿಂತಿತ್ತಂತೆ. ಹಳೆಯ ಜಾಡು ಅಷ್ಟು ಸುಲಭವಾಗಿ ಅಳಿಯುವುದಿಲ್ಲವೆಂದು ತಿಳಿಸಿ, ಅಂಥ ದಿನಗಳಿಗಾಗಿ ಮೂರನೆಯ ದಾರಿಯೊಂದನ್ನು ಅಲ್ಲೇ ಕುಳಿತು ಕಾಗದದ ಮೇಲೆ ಗುರುತಿಸಿಕೊಂಡೆವು.