ಜ್ವರ ಬಿಟ್ಟರೂ ಬಿಡದ ಕೀಲು ನೋವು

ಶಿರಾ ಕಡೆಯ ಓದುಗರೊಬ್ಬರ ಪತ್ರದ ಸಾರ: ‘ಹೋದ ವರ್ಷ ಮಳೆಗಾಲದಲ್ಲಿ ಅಮ್ಮನಿಗೆ ಚಿಕುನ್‌ಗುನ್ಯಾ ಬಂದಿತ್ತು. ರಕ್ತಪರೀಕ್ಷೆಯಲ್ಲೂ ಅದೇ ಬಂತು. ಜ್ವರ ಒಂದು ವಾರಕ್ಕೆ ಬಿಟ್ಟಿತು. ಆದರೆ ಇವತ್ತಿಗೂ ಬೆಳಿಗ್ಗೆ ಎದ್ದರೆ ಬೆರಳು ಮಡಚೋಕಾಗಲ್ಲ, ಕಾಲಿನ ಗಂಟು ಊದಿಕೊಳ್ಳುತ್ತದೆ. ಬಂದವರೆಲ್ಲ ಇದು ಮನಸ್ಸಿನ ಕಾಯಿಲೆ ಅನ್ನುತ್ತಾರೆ. ಇದು ಆ ಜ್ವರದ್ದೇನಾ? ವೈರಸ್ ಇನ್ನೂ ಮೈಯಲ್ಲಿದೆಯಾ? ಮತ್ತೆ ಬರುತ್ತಾ?’

ನಿಮ್ಮ ಅಮ್ಮನ ನೋವು ಮನಸ್ಸಿನದಲ್ಲ. ಈ ಒಂದು ಮಾತನ್ನು ಮನೆಗೆ ಬಂದವರ ಎದುರೇ ಗಟ್ಟಿಯಾಗಿ ಓದಿ ಹೇಳಿ. ಜ್ವರ ಹೋದ ಮೇಲೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೀಲು ನೋವು ಉಳಿಯುವುದು ಈ ಕಾಯಿಲೆಯ ಸ್ವಭಾವವೇ.

ನಮ್ಮ ರಾಜ್ಯ ಇದನ್ನು ಚೆನ್ನಾಗಿ ಬಲ್ಲದು. 2006ರಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಜನರಿಗೆ ಚಿಕುನ್‌ಗುನ್ಯಾ ಇರಬಹುದೆಂದು ಲೆಕ್ಕ ಸಿಕ್ಕಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ ಏಳೂವರೆ ಲಕ್ಷದಷ್ಟು, ಕರ್ನಾಟಕದವರೇ. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ನಿಮ್ಮ ತುಮಕೂರಿನವರೆಗೆ ಎಷ್ಟೋ ಮನೆಗಳಲ್ಲಿ ಒಬ್ಬರ ಹಿಂದೆ ಒಬ್ಬರು ಮಲಗಿದರು. ಅದಕ್ಕೆ ಮೊದಲು ಈ ವೈರಸ್ ನಮ್ಮ ದೇಶದಲ್ಲಿ 1963ರಲ್ಲಿ ಕೋಲ್ಕತ್ತದಲ್ಲಿ, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹಾವಳಿ ಮಾಡಿತ್ತು. ಆಮೇಲೆ ಮೂವತ್ತು ವರ್ಷ ಹೆಚ್ಚುಕಮ್ಮಿ ಸದ್ದಿರಲಿಲ್ಲ. 2005ರ ಕೊನೆಗೆ ಮರಳಿ ಬಂದದ್ದು ಹಳೇ ತಳಿಯೂ ಅಲ್ಲ, ಆಫ್ರಿಕಾ ಮೂಲದ ಬೇರೆ ತಳಿ.

ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೂ ಇದು ನುಗ್ಗಿತು. ಅಲ್ಲಿ ಮೂವರಲ್ಲಿ ಒಬ್ಬರಿಗೆ ಕಾಯಿಲೆ ತಗುಲಿತು. ದ್ವೀಪ ಫ್ರಾನ್ಸಿಗೆ ಸೇರಿದ್ದು. ಹಾಗಾಗಿ ಅಲ್ಲಿನ ವೈದ್ಯರಿಗೆ ರೋಗಿಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕರೆದು ನೋಡುವ ಅನುಕೂಲ ಇತ್ತು. 180 ರೋಗಿಗಳನ್ನು ಮೂರು ವರ್ಷ ಗಮನಿಸಿದ ಒಂದು ಅಧ್ಯಯನದಲ್ಲಿ, ಮೂರು ವರ್ಷದ ಕೊನೆಗೂ ನೂರಕ್ಕೆ ಅರವತ್ತು ಮಂದಿಗೆ ಕೀಲು ನೋವಿತ್ತು. 35 ದಾಟಿದವರಿಗೆ ಈ ಅಪಾಯ ಜಾಸ್ತಿ ಅಂತಲೂ ಗೊತ್ತಾಯಿತು.

ಈ ಅರವತ್ತನ್ನು ನೋಡಿ ಹೆದರಬೇಡಿ. ಇಂಥ ಲೆಕ್ಕಗಳಲ್ಲಿ ಜೋರು ಕಾಯಿಲೆಯಾಗಿ ಆಸ್ಪತ್ರೆ ಮುಟ್ಟಿದವರೇ ಹೆಚ್ಚು ಸಿಗುತ್ತಾರೆ. ಪುಣೆಯ ವೈದ್ಯರು ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ ಮನೆಮನೆಗೆ ಹೋಗಿ ಎರಡು ವರ್ಷ ವಿಚಾರಿಸಿದಾಗ, ನೋವು ಉಳಿದವರ ಪ್ರಮಾಣ ಇದಕ್ಕಿಂತ ತುಂಬಾ ಕಡಿಮೆ ಇತ್ತು. ಬಹಳ ಜನ ಪೂರ್ತಿ ಗುಣವಾಗುತ್ತಾರೆ. ಆದರೆ ಏಳೂವರೆ ಲಕ್ಷದಲ್ಲಿ ನೂರಕ್ಕೆ ನಾಲ್ಕೈದು ಅಂದುಕೊಂಡರೂ ಎಷ್ಟು ಸಾವಿರ ಜನ ಆದರು ನೋಡಿ. ಕಳೆ ಕೀಳಲಾಗದ, ರೊಟ್ಟಿ ತಟ್ಟಲಾಗದ ಅಷ್ಟು ಜನರನ್ನು ‘ಜ್ವರ ಬಿಟ್ಟಿದೆ’ ಅಂತ ಗುಣವಾದವರ ಪಟ್ಟಿಗೆ ಸೇರಿಸಿಬಿಟ್ಟೆವು. ನನಗೆ ಸಂಕಟವಾಗುವುದು ಇದಕ್ಕೇ.

ವೈರಸ್ ಇನ್ನೂ ಒಳಗಿದೆಯಾ ಅನ್ನುವ ನಿಮ್ಮ ಪ್ರಶ್ನೆಗೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. ರಿಯೂನಿಯನ್ನಿನ ಒಬ್ಬ ರೋಗಿಯ ಕೀಲಿನ ಒಳಪೊರೆಯಲ್ಲಿ, ಜ್ವರ ಬಂದು ಒಂದೂವರೆ ವರ್ಷವಾದ ಮೇಲೂ ವೈರಸ್ಸಿನ ಅಂಶ ಸಿಕ್ಕಿತ್ತು. ಪ್ರಯೋಗಕ್ಕೆ ಬಳಸಿದ ಕೋತಿಗಳಲ್ಲೂ ಅದು ರೋಗನಿರೋಧಕ ಜೀವಕೋಶಗಳ ಒಳಗೆ ತಿಂಗಳುಗಟ್ಟಲೆ ಅಡಗಿತ್ತು. ಆದರೆ ಕೊಲಂಬಿಯಾದಲ್ಲಿ, ಸೋಂಕಾಗಿ ಸುಮಾರು 22 ತಿಂಗಳಾದ 38 ರೋಗಿಗಳ ಕೀಲಿನ ನೀರನ್ನು ಪರೀಕ್ಷಿಸಿದಾಗ ಒಬ್ಬರಲ್ಲೂ ವೈರಸ್ ಇರಲಿಲ್ಲ. ಕೆಲವರಲ್ಲಿ ವೈರಸ್ಸಿನ ಚೂರು ಉಳಿದಿರಬಹುದು, ಇನ್ನು ಕೆಲವರಲ್ಲಿ ವೈರಸ್ ಹೋದರೂ ಅದರ ವಿರುದ್ಧ ಎದ್ದ ದೇಹದ ಕಾವು ಆರಿರುವುದಿಲ್ಲ. ಇಲ್ಲಿಯವರೆಗಿನ ಫಲಿತಾಂಶಗಳನ್ನು ನೋಡಿದರೆ ನನಗೆ ಅನಿಸುವುದು ಇಷ್ಟು.

ಔಷಧಿ ವಿಚಾರದಲ್ಲಿ ಒಂದು ಎಚ್ಚರಿಕೆ. 2006ರಲ್ಲಿ ರಿಯೂನಿಯನ್‌ನಲ್ಲಿ ಜ್ವರದ ರೋಗಿಗಳಿಗೆ ಕ್ಲೋರೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆ ಕೊಟ್ಟು ನೋಡಿದ್ದರು. ಜ್ವರಕ್ಕೂ ಲಾಭವಾಗಲಿಲ್ಲ. 200 ದಿನದ ಮೇಲೆ ವಿಚಾರಿಸಿದರೆ, ಕೀಲು ನೋವು ಉಳಿದಿದೆ ಅಂದವರು ಮಾತ್ರೆ ನುಂಗಿದವರಲ್ಲೇ ಜಾಸ್ತಿ ಇದ್ದರು. ಆದ್ದರಿಂದ ಯಾರೋ ಹೇಳಿದರು ಅಂತ ಅಂಗಡಿಯಿಂದ ಮಾತ್ರೆ ತರಬೇಡಿ. ಮುಖ್ಯವಾಗಿ ಸ್ಟೆರಾಯ್ಡ್ ಬೇಡವೇ ಬೇಡ. ಎರಡು ದಿನ ಹಾಯೆನಿಸುತ್ತದೆ, ಚೀಟಿಯಿಲ್ಲದೆ ಅದನ್ನೇ ನುಂಗುತ್ತಾ ಹೋದರೆ ಸಕ್ಕರೆ, ಬಿಪಿ, ಮೂಳೆ ಎಲ್ಲ ಕೆಡುತ್ತವೆ.

ವರ್ಷವಾದರೂ ಊತ ಇದೆ ಅಂದರೆ ಅಮ್ಮನನ್ನು ಕೀಲುವಾತದ ತಜ್ಞರ ಹತ್ತಿರ, ಅಂದರೆ ರುಮಟಾಲಜಿಸ್ಟ್ ಹತ್ತಿರ, ಒಮ್ಮೆ ಕರೆದುಕೊಂಡು ಹೋಗಲೇಬೇಕು. ಚಿಕುನ್‌ಗುನ್ಯಾ ನಂತರದ ಊತವೂ, ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಆರ್ಥ್ರೈಟಿಸ್ಸೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಆಂಟಿ ಸಿಸಿಪಿ ಅನ್ನುವ ರಕ್ತಪರೀಕ್ಷೆ ಇವೆರಡನ್ನು ಬೇರೆ ಮಾಡಲು ನೆರವಾಗುತ್ತದೆ. ಹಳೇ ರಿಪೋರ್ಟು ಜೊತೆಗಿರಲಿ. ಬೆಳಿಗ್ಗೆ ಬೆರಳು ಸಡಿಲವಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಒಂದು ವಾರ ಬರೆದಿಟ್ಟುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.

ಇನ್ನು, ಮತ್ತೆ ಬರುತ್ತಾ? ಚಿಕುನ್‌ಗುನ್ಯಾ ಒಮ್ಮೆ ಬಂದರೆ ಬಹುಕಾಲ ರಕ್ಷಣೆ ಇರುತ್ತದೆ. ಅಮ್ಮನಿಗೆ ಅದೇ ಕಾಯಿಲೆ ಮರುಕಳಿಸುವ ಭಯ ಕಡಿಮೆ. ಮನೆಯ ಉಳಿದವರಿಗೆ ಆ ಮಾತು ಹೇಳಲಾಗದು. 2023ರಲ್ಲಿ ಅಮೆರಿಕ ಮೊದಲ ಲಸಿಕೆಗೆ ಒಪ್ಪಿಗೆ ಕೊಟ್ಟಿತು ನಿಜ, ಆದರೆ ವಯಸ್ಸಾದವರಲ್ಲಿ ಗಂಭೀರ ತೊಂದರೆ ಕಂಡು 2025ರಲ್ಲಿ ಅದರ ಪರವಾನಗಿಯನ್ನೇ ತಡೆಹಿಡಿಯಿತು. ಅಲ್ಲದೆ ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯೇ ಡೆಂಗಿಯನ್ನೂ ಹೊತ್ತು ತರುತ್ತದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ, ಒಂದು ಬಂದು ಹೋದರೂ ಇನ್ನೊಂದು ಬರಬಹುದು. ಆದ್ದರಿಂದ ಹೊಸದಾಗಿ ಯಾರಿಗಾದರೂ ಜ್ವರ ಬಂದರೆ, ಡೆಂಗಿ ಅಲ್ಲ ಅಂತ ಖಚಿತವಾಗುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ, ರಕ್ತಸ್ರಾವದ ಅಪಾಯವಿದೆ.

ನಿಮ್ಮೂರಿನಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಡ್ರಮ್ಮಿನಲ್ಲಿ ಹಿಡಿದಿಡುತ್ತೇವೆ ಅಂತಲೂ ಬರೆದಿದ್ದೀರಿ. ಡ್ರಮ್ಮಿನ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ತನ್ನ ಮೊಟ್ಟೆಯನ್ನು ನೀರಿನ ಮಟ್ಟದ ತುಸು ಮೇಲೆ, ಒಳಗೋಡೆಗೆ ಅಂಟಿಸಿರುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿರುತ್ತವೆ, ನೀರು ತಾಗಿದಾಗ ಒಡೆಯುತ್ತವೆ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ತೆಂಗಿನ ನಾರಿನಲ್ಲಿ ಒಳಗೋಡೆಯನ್ನು ಗಸಗಸ ಉಜ್ಜಿ ತೊಳೆದು, ಒಣಗಿಸಿ ಮತ್ತೆ ತುಂಬಿಸಿ. ಮೇಲೆ ಒಂದು ಹಳೇ ಪಂಚೆ ಬಿಗಿದು ಕಟ್ಟಿ.

– ಸಂಪಾದಕ