‘ಮೇಲಿನಿಂದ ಫೋನ್ ಬಂದಿದೆ’ ಎಂದರೆ ‘ಬರೆದು ಕೊಡಿ’ ಎನ್ನಿ: ಪುರಸಭೆ ಮತ್ತು ಠಾಣೆ ಕುರಿತ ನಾಲ್ಕು ಪ್ರಶ್ನೆಗಳು

ಪುರಸಭೆ ಮತ್ತು ಪೊಲೀಸ್ ಠಾಣೆಯ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬರೆದ ನಾಲ್ವರೂ ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಸಣ್ಣ ಪಟ್ಟಣದಲ್ಲಿ ಹೆಸರು ಹೊರಬಿದ್ದರೆ ಮಾರನೆಯ ದಿನ ನಲ್ಲಿಯಲ್ಲಿ ನೀರು ಬರುವುದೂ ಅನುಮಾನ ಎಂಬ ಅವರ ಭಯ ನನಗೆ ಅರ್ಥವಾಗುತ್ತದೆ.

ಪ್ರಶ್ನೆ: ಚರಂಡಿ ನೀರಿನ ವಿಚಾರಕ್ಕೆ ಪಕ್ಕದ ಮನೆಯವರು ಇಬ್ಬರನ್ನು ಕರೆದುಕೊಂಡು ನಮ್ಮ ಕಾಂಪೌಂಡ್ ಒಳಗೆ ನುಗ್ಗಿ ನನ್ನ ತಮ್ಮನಿಗೆ ಹೊಡೆದರು. ನಾವು ಠಾಣೆಗೆ ಹೋದ ಅರ್ಧ ಗಂಟೆಗೆ ವಾರ್ಡಿನ ಪುರಸಭೆ ಸದಸ್ಯರು ಬಂದು ಕುಳಿತರು. ‘ಒಂದೇ ಬೀದಿಯವರು, ರಾಜಿ ಮಾಡಿಕೊಳ್ಳಿ’ ಎಂದು ಪಿಎಸ್‌ಐ ಹೇಳಿ ಕಳುಹಿಸಿದರು. ದೂರಿಗೆ ಯಾವ ಸ್ವೀಕೃತಿಯೂ ಸಿಗಲಿಲ್ಲ. ಈಗ ದಾರಿ ಏನು?

ಉತ್ತರ: ತಾಲ್ಲೂಕು ನ್ಯಾಯಾಲಯಗಳಲ್ಲಿ ವಕೀಲಿಕೆ ಮಾಡಿದಷ್ಟು ವರ್ಷವೂ ನಾನು ಕಂಡದ್ದು ಇದೇ ದೃಶ್ಯ. ಠಾಣೆಯ ಕುರ್ಚಿಯಲ್ಲಿ ಸದಸ್ಯರು ಕುಳಿತಿರುತ್ತಾರೆ, ಪೆಟ್ಟು ತಿಂದವರು ಗೋಡೆಗೆ ಒರಗಿ ನಿಂತಿರುತ್ತಾರೆ. ಇದನ್ನು ರಾಜಿ ಎಂದು ಕರೆಯಲು ನಾನು ಒಪ್ಪುವುದಿಲ್ಲ. ರಾಜಿಗೆ ಎರಡು ಕಡೆಯವರ ಇಚ್ಛೆ ಬೇಕು. ಇಲ್ಲಿ ಒಂದು ಕಡೆಯವರಿಗೆ ಇದ್ದದ್ದು ದಣಿವು ಮಾತ್ರ.

ಮೊದಲು ನಿಮ್ಮ ದೂರನ್ನು ಮತ್ತೆ ಬರೆಯಿರಿ. ಕೈಯಿಂದ ಹೊಡೆದು ಸಾಧಾರಣ ಗಾಯ ಮಾಡುವುದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ಅದರ ತನಿಖೆ ಮಾಡುವಂತಿಲ್ಲ. ‘ಇದು ಎನ್‌ಸಿ, ಕೋರ್ಟಿಗೆ ಹೋಗಿ’ ಎಂದು ಠಾಣೆಯಲ್ಲಿ ಕೈ ತೊಳೆದುಕೊಳ್ಳುವುದು ಇದೇ ಕಾರಣಕ್ಕೆ. ಆದರೆ ಹೊಡೆಯುವ ಉದ್ದೇಶದಿಂದ ನಿಮ್ಮ ಕಾಂಪೌಂಡ್ ಒಳಗೆ ನುಗ್ಗುವುದು ಅಪರಾಧಿಕ ಅತಿಕ್ರಮ ಪ್ರವೇಶ, ಅದು ಸಂಜ್ಞೇಯ, ಎಂದರೆ ಅನುಮತಿಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದದ್ದು. ಒಂದೇ ಪ್ರಕರಣದಲ್ಲಿ ಒಂದು ಅಪರಾಧ ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣವನ್ನು ಹಾಗೆಯೇ ಪರಿಗಣಿಸಬೇಕೆಂದು ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಹೇಳುತ್ತದೆ. ಆದ್ದರಿಂದ ‘ಗಲಾಟೆ ಮಾಡಿದರು’ ಎಂದು ಬರೆದು ಬಿಡಬೇಡಿ. ಯಾವ ಗೇಟಿನಿಂದ, ಎಷ್ಟು ಹೊತ್ತಿಗೆ, ಎಷ್ಟು ಜನ ಒಳಗೆ ಬಂದರು, ಬರುವಾಗ ಏನೆಂದು ಕೂಗಿದರು ಎಂಬುದನ್ನು ಬರೆಯಿರಿ. ಠಾಣೆಯ ಬರಹಗಾರರು ದೂರನ್ನು ತಾವೇ ಬರೆದುಕೊಡುತ್ತೇವೆ ಎಂದಾಗ ಬಿಟ್ಟುಹೋಗುವುದು ಹೆಚ್ಚಾಗಿ ಈ ವಿವರಗಳೇ.

ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯ 173ನೇ ಕಲಂ ಪ್ರಕಾರ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆ ನಿರಾಕರಿಸಿದರೆ ದೂರಿನ ಸಾರಾಂಶವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ನೋಂದಾಯಿತ ಅಂಚೆಯ ರಸೀದಿಯನ್ನು ಜೋಪಾನವಾಗಿಡಿ. ಅಲ್ಲಿಯೂ ಕೆಲಸವಾಗದಿದ್ದರೆ ಅಫಿಡವಿಟ್‌ನೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅಲ್ಲಿ ಮೊದಲು ಕೇಳುವುದು ‘ಎಸ್‌ಪಿಗೆ ಬರೆದಿದ್ದೀರಾ?’ ಎಂದೇ.

ದೂರನ್ನು ಮುಕ್ತಾಯಗೊಳಿಸಿದ್ದೇವೆ ಎಂದರೆ ಹಿಂಬರಹ ಕೇಳಿ. ಬಾಯಿಮಾತಿನಲ್ಲಿ ಧೈರ್ಯವಾಗಿ ಹೇಳಿದ್ದನ್ನು ಸಹಿ ಹಾಕಿ ಬರೆದುಕೊಡಿ ಎಂದಾಗ ಬಹಳ ಅಧಿಕಾರಿಗಳು ಕಾನೂನಿನ ದಾರಿಗೆ ಬರುತ್ತಾರೆ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ. ಇನ್ನೊಂದು ಮಾತು. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಕನಿಷ್ಠ ಒಂದು ವರ್ಷವಾದರೂ ಉಳಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಅಂದು ಸದಸ್ಯರು ಎಷ್ಟು ಹೊತ್ತು ಅಲ್ಲಿ ಕುಳಿತಿದ್ದರು ಎಂಬುದಕ್ಕೆ ಸಾಕ್ಷಿ ಠಾಣೆಯಲ್ಲಿಯೇ ಇರಬೇಕು. ಎಸ್‌ಪಿಗೆ ಬರೆಯುವ ಪತ್ರದಲ್ಲಿ ದಿನಾಂಕ, ಸಮಯ ನಮೂದಿಸಿ ಆ ದೃಶ್ಯವನ್ನು ಅಳಿಸದಂತೆ ಕೋರಿ.

ಪ್ರಶ್ನೆ: ನಾನು ಮೊದಲ ಬಾರಿಗೆ ಗೆದ್ದ ಪುರಸಭೆ ಸದಸ್ಯೆ. ದಿನ ಬೆಳಗಾದರೆ ‘ಅಕ್ಕಾ, ಠಾಣೆಗೆ ಒಂದು ಫೋನ್ ಮಾಡಿ’ ಎಂದು ಜನ ಬರುತ್ತಾರೆ. ಬೈಕ್ ಬಿಡಿಸಬೇಕು, ಹುಡುಗನನ್ನು ಬಿಡಿಸಬೇಕು. ಮಾಡದಿದ್ದರೆ ಮುಂದಿನ ಸಲ ವೋಟಿಲ್ಲ ಎನ್ನುತ್ತಾರೆ. ಪೊಲೀಸರ ಮೇಲೆ ನಮಗೆ ಅಧಿಕಾರ ಇದೆಯೇ?

ಉತ್ತರ: ಇಲ್ಲ. ಪೊಲೀಸ್ ಇಲಾಖೆ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. 74ನೇ ತಿದ್ದುಪಡಿ ನಗರ ಸ್ಥಳೀಯ ಸಂಸ್ಥೆಗಳಿಗಾಗಿ ಪಟ್ಟಿ ಮಾಡಿದ 18 ವಿಷಯಗಳಲ್ಲಿ ಅದು ಸೇರಿಲ್ಲ. ನಿಮ್ಮ ಫೋನಿಗೆ ಬೆಲೆ ಬರುವುದು ಕಾನೂನಿನಿಂದ ಅಲ್ಲ, ನಿಮ್ಮ ಬೆನ್ನ ಹಿಂದೆ ಶಾಸಕರಿದ್ದಾರೆ ಎಂಬ ಊಹೆಯಿಂದ. ಶಾಸಕರು ನಿಮ್ಮ ಪುರಸಭೆಯಲ್ಲಿಯೂ ಮತ ಹಾಕುತ್ತಾರೆ, ಅಧ್ಯಕ್ಷರ ಆಯ್ಕೆಯಲ್ಲಿ ಅವರ ಒಂದು ಮತ ಎಷ್ಟೋ ಕಡೆ ತಕ್ಕಡಿಯನ್ನೇ ತಿರುಗಿಸಿದೆ. ಇತ್ತ ಪಿಎಸ್‌ಐ, ಸರ್ಕಲ್ ಇನ್‌ಸ್ಪೆಕ್ಟರ್ ಯಾರು ಬರಬೇಕು ಎನ್ನುವುದಕ್ಕೂ ಶಾಸಕರ ಶಿಫಾರಸು ಪತ್ರ ಓಡಾಡುತ್ತದೆ. ಊರಿನ ರಾಜಕೀಯಕ್ಕೂ ಠಾಣೆಗೂ ಗಂಟು ಬೀಳುವುದು ಅಲ್ಲಿ.

ಈ ಗಂಟನ್ನು ಬಿಡಿಸಲೆಂದೇ ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಅವಧಿ ಕೊಡಿ ಎಂದಿತು. ಕರ್ನಾಟಕ 2012ರಲ್ಲಿ ಕಾಯ್ದೆ ತಿದ್ದಿದಾಗ ಒಂದೇ ವರ್ಷ ಕೊಟ್ಟಿತು. ಅದನ್ನು ಎರಡು ವರ್ಷಕ್ಕೆ ಏರಿಸಿದ್ದು 2024ರಲ್ಲಿ. ಹದಿನೆಂಟು ವರ್ಷ ತೆಗೆದುಕೊಂಡದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಆರು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟುವ ಪಿಎಸ್‌ಐಗೆ ಮಕ್ಕಳ ಶಾಲೆಯ ಚಿಂತೆಯೇ ಮುಗಿಯುವುದಿಲ್ಲ. ಅವನು ಜನರಿಗಿಂತ ಮೊದಲು ತನ್ನ ವರ್ಗಾವಣೆ ತಡೆಯಬಲ್ಲವರ ಮುಖ ನೋಡುತ್ತಾನೆ.

ಇನ್ನು ನಿಮ್ಮ ವಿಚಾರ. ದೂರು ಕೊಡಲು ಹೆದರುವ ಹೆಣ್ಣುಮಗಳ ಜೊತೆ ಠಾಣೆಗೆ ಹೋಗಿ ದೂರು ದಾಖಲಾಗುವವರೆಗೂ ಕುಳಿತುಕೊಳ್ಳಿ. ದೂರನ್ನು ನಿಲ್ಲಿಸಲು ಮಾತ್ರ ಹೋಗಬೇಡಿ. ಹುಡುಗನನ್ನು ಹಿಡಿದಿದ್ದಾರೆ ಎಂದು ತಾಯಿ ಬಂದರೆ, ಬಂಧನದ ಕಾರಣ ತಿಳಿಸಿದ್ದಾರೆಯೇ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆಯೇ ಎಂದು ಕೇಳುವ ಹಕ್ಕು ನಿಮಗೂ ಇದೆ, ಆ ತಾಯಿಗೂ ಇದೆ. ‘ಬಿಟ್ಟುಬಿಡಿ’ ಎನ್ನುವುದಕ್ಕಿಂತ ಈ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. ಬೀದಿದೀಪ ಇಲ್ಲದ ರಸ್ತೆ, ಪೊದೆ ಬೆಳೆದ ಖಾಲಿ ನಿವೇಶನ, ಬಸ್ ನಿಲ್ದಾಣದ ಹಿಂದಿನ ಕತ್ತಲೆ ಇವೆಲ್ಲ ನಿಮ್ಮ ಪುರಸಭೆಯ ಹೊಣೆ. ಇವನ್ನು ಸಾಮಾನ್ಯ ಸಭೆಯಲ್ಲಿ ಎತ್ತಿ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ಒಂದನ್ನು ಕೇಳದೆಯೇ ಹೇಳುತ್ತೇನೆ. ಠಾಣೆಗೆ ಫೋನ್ ಮಾಡುವುದು ನೀವೋ, ನಿಮ್ಮ ಯಜಮಾನರೋ? ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿಟ್ಟ ರಾಜ್ಯದಲ್ಲಿ ಸದಸ್ಯೆಯ ಮೊಬೈಲ್ ಗಂಡನ ಜೇಬಿನಲ್ಲಿರುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಗೆದ್ದವರು ನೀವು, ಫೋನ್ ನಿಮ್ಮ ಕೈಯಲ್ಲಿರಲಿ.

ಪ್ರಶ್ನೆ: ಬಸ್ ನಿಲ್ದಾಣದ ಮುಂದೆ ಹನ್ನೆರಡು ವರ್ಷಗಳಿಂದ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದೇನೆ. ಕಳೆದ ವಾರ ಪುರಸಭೆಯವರು ಪೊಲೀಸರೊಂದಿಗೆ ಬಂದು ಗಾಡಿ, ತಕ್ಕಡಿ ಎತ್ತಿಕೊಂಡು ಹೋದರು. ‘ಮೇಲಿನಿಂದ ಫೋನ್ ಬಂದಿದೆ’ ಎಂದಷ್ಟೇ ಹೇಳಿದರು.

ಉತ್ತರ: 2014ರ ಬೀದಿ ವ್ಯಾಪಾರಿಗಳ ಕಾಯ್ದೆ ನಿಮ್ಮ ಪರ ಇದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನಗಳ ನೋಟಿಸ್ ಬೇಕು. ವಶಪಡಿಸಿಕೊಂಡ ಸಾಮಾನಿನ ಪಟ್ಟಿ ಕೊಡಬೇಕು. ಬಿಡಿಸಿಕೊಳ್ಳಲು ಕೇಳಿದಾಗ ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಮರಳಿಸಬೇಕು. ಪ್ರಮಾಣಪತ್ರದ ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಪೊಲೀಸರು ತಡೆಯಬಾರದೆಂದು 27ನೇ ಕಲಂ ಬಿಡಿಸಿ ಹೇಳುತ್ತದೆ.

ನಿಮ್ಮಲ್ಲಿ ಎರಡು ಕಾಗದ ಇರಬಹುದು, ಹುಡುಕಿ. ಒಂದು, ದಿನವೂ ಸುಂಕ ಕೊಟ್ಟ ಚೀಟಿಗಳು. ಇನ್ನೊಂದು, 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಸಾಲ ಪಡೆದಿದ್ದರೆ ಅದಕ್ಕಾಗಿ ಪುರಸಭೆಯೇ ಕೊಟ್ಟ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ. ಸುಂಕ ವಸೂಲಿ ಮಾಡುವಾಗ ವ್ಯಾಪಾರಿ, ಎಬ್ಬಿಸುವಾಗ ಅತಿಕ್ರಮಣಕಾರ ಎಂಬ ಎರಡು ನಾಲಿಗೆಯನ್ನು ಈ ಕಾಗದಗಳೇ ಹಿಡಿದುಕೊಡುತ್ತವೆ. ಇದೇ ಕಾಯ್ದೆಯಡಿ ಬೀದಿ ವ್ಯಾಪಾರದ ವಿಚಾರ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸ್ಥಾನ ವ್ಯಾಪಾರಿಗಳಿಗೇ ಸೇರಬೇಕು. ನಿಮ್ಮ ಊರಿನಲ್ಲಿ ಆ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತು, ತೆರವಿಗೆ ಲಿಖಿತ ಆದೇಶ ಕೊಟ್ಟವರು ಯಾರು ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. ಫೋನ್ ಮಾಡಿದ ‘ಮೇಲಿನವರು’ ಯಾವ ಕಡತದಲ್ಲಿಯೂ ಇರುವುದಿಲ್ಲ.

ಪ್ರಶ್ನೆ: ಕುಡಿಯುವ ನೀರಿಗಾಗಿ ಖಾಲಿ ಕೊಡ ಹಿಡಿದು ಪುರಸಭೆ ಮುಂದೆ ಕುಳಿತೆವು. ಈಗ ನಮ್ಮ ಆರು ಜನರಿಗೆ ಶಾಂತಿಭಂಗದ ಮುಚ್ಚಳಿಕೆ ಬರೆದುಕೊಡಿ ಎಂದು ತಹಶೀಲ್ದಾರರ ನೋಟಿಸ್ ಬಂದಿದೆ. ಪುರಸಭೆಗೆ ಆಡಳಿತಾಧಿಕಾರಿಯೂ ಅವರೇ.

ಉತ್ತರ: ನಾಲ್ಕರಲ್ಲಿ ನನ್ನನ್ನು ಹೆಚ್ಚು ಕಲಕಿದ ಪತ್ರ ಇದು. ಚುನಾಯಿತರಿಲ್ಲದ ಊರಿನಲ್ಲಿ ಇದೇ ಆಗುವುದು. 2018ರಲ್ಲಿ ಗೆದ್ದ ಅನೇಕ ಪುರಸಭೆಗಳ ಸದಸ್ಯರು, ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ ಸುಮಾರು ಎರಡು ವರ್ಷ ಹೊರಗೇ ಉಳಿದರು. ಅಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿದರೆ, ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಆ ಖಾಲಿ ತಿಂಗಳುಗಳಲ್ಲಿ ಆಡಳಿತ ಕಂದಾಯ ಅಧಿಕಾರಿಗಳ ಕೈಯಲ್ಲಿತ್ತು. ತಹಶೀಲ್ದಾರರು ತಾಲ್ಲೂಕಿನ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೂ ಹೌದು. ನೀರು ಬಿಡಬೇಕಾದವರು, ನೀರು ಕೇಳಿದವರ ಮೇಲೆ ಪೊಲೀಸರು ಕೊಡುವ ವರದಿಯನ್ನು ವಿಚಾರಣೆ ಮಾಡುವವರು ಒಬ್ಬರೇ ಆದರೆ ದೂರು ಹೇಳುವುದು ಯಾರಿಗೆ?

ಹೆದರಿ ಸಹಿ ಹಾಕಬೇಡಿ. ಇದು ಶಿಕ್ಷೆಯಲ್ಲ, ಒಂದು ವರ್ಷ ಮೀರದ ಅವಧಿಗೆ ಶಾಂತಿ ಕಾಯುತ್ತೇವೆ ಎಂಬ ಮುಚ್ಚಳಿಕೆ ಏಕೆ ಪಡೆಯಬಾರದು ಎಂದು ಕೇಳುವ ಪ್ರಕ್ರಿಯೆ. ನಾಗರಿಕ ಸುರಕ್ಷಾ ಸಂಹಿತೆಯ 130ನೇ ಕಲಂ ಪ್ರಕಾರ, ನಿಮ್ಮ ವಿರುದ್ಧ ಬಂದಿರುವ ಮಾಹಿತಿಯ ಸಾರಾಂಶ, ಮುಚ್ಚಳಿಕೆಯ ಮೊತ್ತ, ಅವಧಿ ಎಲ್ಲವೂ ಲಿಖಿತ ಆದೇಶದಲ್ಲಿ ಇರಬೇಕು. ಆ ಸಾರಾಂಶದಲ್ಲಿ ನೀವು ಯಾರನ್ನು ಬೆದರಿಸಿದಿರಿ, ಏನನ್ನು ಒಡೆದಿರಿ ಎಂಬುದು ಇದೆಯೇ ನೋಡಿ. ಬರೀ ಖಾಲಿ ಕೊಡ ಹಿಡಿದು ಕುಳಿತದ್ದು ಶಾಂತಿಭಂಗ ಆಗುವುದಿಲ್ಲ.

ಮೊದಲ ದಿನಾಂಕಕ್ಕೆ ಆರೂ ಜನ ಹಾಜರಾಗಿ. ಪೊಲೀಸ್ ವರದಿಯ ಪ್ರತಿ ಕೇಳಿ. ಪುರಸಭೆಯ ಆಡಳಿತಾಧಿಕಾರಿಯ ವಿರುದ್ಧವೇ ಪ್ರತಿಭಟನೆ ನಡೆದಿರುವುದರಿಂದ ಬೇರೆ ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಲಿ ಎಂದು ಬರೆದುಕೊಡಿ, ಅದರ ಪ್ರತಿಯನ್ನು ಜಿಲ್ಲಾಧಿಕಾರಿಗೂ ಕಳುಹಿಸಿ. ಯಾವ ವಾರ್ಡಿಗೆ ಎಷ್ಟು ದಿನ ನೀರು ಬಂದಿಲ್ಲ ಎಂಬ ಪಟ್ಟಿಯನ್ನು ಆ ಉತ್ತರಕ್ಕೆ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ.