ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾಡಿದ ಉಪಕಾರ ನೆನೆಯಬೇಕಾದವರು ಯಾರು?

ಪ್ರಶ್ನೆ: ನಮ್ಮದು ಟೊಮೆಟೊ ತೋಟ. ಲಾಕ್‌ಡೌನ್‌ನಲ್ಲಿ ಕೂಲಿಗೆ ಬರುವ ಎರಡು ಮನೆಯವರಿಗೆ ಅಕ್ಕಿ, ಬೇಳೆ ಕೊಟ್ಟು ಆಸ್ಪತ್ರೆ ಖರ್ಚಿಗೂ ಆಗಿದ್ದೆ. ಈ ಸಲ ಸರಿಯಾಗಿ ಕೊಯ್ಲಿನ ಹೊತ್ತಿಗೆ ಪಕ್ಕದ ತೋಟದಲ್ಲಿ ಕೂಲಿ ಜಾಸ್ತಿ ಅಂತ ಹೋಗಿಬಿಟ್ಟರು. ಬುದ್ಧನ ಬೋಧನೆಯಿಂದ ಇಂಥವರಿಗೆ ಕೃತಜ್ಞತೆ ಕಲಿಸೋಕೆ ಆಗುತ್ತಾ?
- ರೈತರೊಬ್ಬರು, ಶ್ರೀನಿವಾಸಪುರ

ಉತ್ತರ: ನಿಮಗೆ ಬೇಜಾರಾಗಿದ್ದು ಸಹಜ. ಕೊಯ್ಲು ತಡವಾದರೆ ಹಣ್ಣು ಮೆತ್ತಗಾಗುತ್ತೆ, ಮಂಡಿಯಲ್ಲಿ ಕೇಳೋರಿರಲ್ಲ. ಲೋಕದಲ್ಲಿ ಇಬ್ಬರು ಸಿಗೋದು ಕಷ್ಟ ಅಂತ ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಬುದ್ಧ ಹೇಳುತ್ತಾನೆ. ತಾನೇ ಮೊದಲಾಗಿ ಉಪಕಾರ ಮಾಡುವವನು ಒಬ್ಬ, ಅದನ್ನು ನೆನೆದು ತಿರುಗಿ ಮಾಡುವವನು ಇನ್ನೊಬ್ಬ. ನೀವು ಮೊದಲನೆಯ ಸಾಲಿನವರು, ಅದು ಸಣ್ಣ ಮಾತಲ್ಲ. ಆದರೆ ಎರಡನೆಯದನ್ನು ವಸೂಲಿ ಮಾಡೋಕೆ ಹೊರಟರೆ ನೀವು ಕೊಟ್ಟ ಅಕ್ಕಿ ಹಂಗಿನ ಅಕ್ಕಿ ಆಗಿಬಿಡುತ್ತೆ.

ರಾಜಗೃಹದಲ್ಲಿ ಸಿಗಾಲ ಅನ್ನುವ ಯುವಕ, ಸಾಯುವಾಗ ಅಪ್ಪ ಹೇಳಿದ್ದ ಅಂತ, ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲೇ ಆರು ದಿಕ್ಕಿಗೂ ಕೈ ಮುಗಿಯುತ್ತಿದ್ದ. ಬುದ್ಧ ಅವನಿಗೆ ಆ ದಿಕ್ಕುಗಳಲ್ಲಿ ಮನುಷ್ಯರನ್ನು ತೋರಿಸಿದ. ಪೂರ್ವಕ್ಕೆ ಅಪ್ಪ ಅಮ್ಮ, ದಕ್ಷಿಣಕ್ಕೆ ಗುರುಗಳು, ಪಶ್ಚಿಮಕ್ಕೆ ಹೆಂಡತಿ ಮಕ್ಕಳು, ಉತ್ತರಕ್ಕೆ ಸ್ನೇಹಿತರು, ಮೇಲೆ ಸನ್ಯಾಸಿಗಳು, ಕೆಳಗೆ ಕೆಲಸದವರು. ಕೆಲಸದವರ ವಿಷಯದಲ್ಲಿ ಮೊದಲು ಹೇಳಿದ್ದು ಯಜಮಾನನ ಕರ್ತವ್ಯವನ್ನೇ: ಶಕ್ತಿ ನೋಡಿ ಕೆಲಸ ಕೊಡು, ಊಟ ಕೂಲಿ ಕೊಡು, ಕಾಯಿಲೆ ಬಿದ್ದರೆ ನೋಡಿಕೋ, ರುಚಿಯಾದ ತಿಂಡಿ ಇದ್ದರೆ ಹಂಚಿಕೋ, ಆಗಾಗ ಬಿಡುವು ಕೊಡು. ಇಷ್ಟಾದ ಮೇಲೆ ಕೆಲಸದವರು ಏನು ಮಾಡಬೇಕು ಅನ್ನೋದು ಬರುತ್ತೆ.

ನಿಮ್ಮ ತೋಟದಲ್ಲಿ ಹಣ್ಣು ಬಿಡಿಸುವ ಹೆಂಗಸರ ಕೈ ನೋಡಿದ್ದೀರಲ್ವಾ? ಗಿಡ ಮುಟ್ಟಿ ಮುಟ್ಟಿ ಬೆರಳೆಲ್ಲ ಹಸಿರುಗಪ್ಪಾಗಿ, ಸೋಪು ಹಾಕಿ ಉಜ್ಜಿದರೂ ಬಣ್ಣ ಬೇಗ ಬಿಡಲ್ಲ. ಅದೇ ಕೈಯಲ್ಲಿ 15 ಕಿಲೋ ಕ್ರೇಟು ಎತ್ತಿ ಬದುವಿಗೆ ತಂದಿಡುತ್ತಾರೆ. ಇಷ್ಟು ವರ್ಷ ನಿಮಗೂ ಅವರಿಂದ ಉಪಕಾರ ಆಗಿದೆ. ಜಾಸ್ತಿ ಕೂಲಿ ಕೇಳಿದ್ದನ್ನು ದ್ರೋಹ ಅನ್ನೋದು ನನಗೆ ಸರಿ ಕಾಣಲ್ಲ. ಪಕ್ಕದ ತೋಟದವರು ಕೊಡುವಷ್ಟೇ ಕೊಡುತ್ತೀನಿ ಅಂತ ಕರೆದು ನೋಡಿ. ಲಾಕ್‌ಡೌನ್ ಅಕ್ಕಿಯ ಮಾತು ಮಾತ್ರ ಎತ್ತಬೇಡಿ.

ಪ್ರಶ್ನೆ: ತಂದೆ ತಾಯಿ ಋಣ ತೀರಿಸೋಕೆ ಆಗಲ್ಲ ಅಂತ ಬುದ್ಧ ಹೇಳಿದ್ದಾನಂತೆ. ನಮ್ಮಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಾರೆ. ಸುಮ್ನೆ ಸಹಿಸಿಕೊಂಡಿರಬೇಕಾ?
- ಓದುಗರು, ಬಂಗಾರಪೇಟೆ

ಉತ್ತರ: ಬೇಡವೇ ಬೇಡ ತಂಗಿ. ಒಂದು ಹೆಗಲ ಮೇಲೆ ಅಮ್ಮ, ಇನ್ನೊಂದರ ಮೇಲೆ ಅಪ್ಪ, ಹೀಗೆ ನೂರು ವರ್ಷ ಹೊತ್ತರೂ ಋಣ ತೀರಲ್ಲ ಅಂತ ಹೇಳಿದ್ದು ನಿಜ. ಆದರೆ ಮಾತು ಅಲ್ಲಿಗೇ ಮುಗಿಯಲ್ಲ. ಕೆಟ್ಟ ನಡತೆಯ ತಂದೆ ತಾಯಿಯನ್ನು ಒಳ್ಳೆಯ ನಡತೆಗೆ ತಂದವರು ಋಣ ತೀರಿಸಿದ ಹಾಗೆ ಅಂತಲೂ ಅಲ್ಲೇ ಇದೆ. ಅಪ್ಪನ ಕುಡಿತ ಬಿಡಿಸೋಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದೇ ನೀವು ಮಾಡುವ ಸೇವೆ. ಅದಕ್ಕಿಂತ ಮೊದಲು ಅಮ್ಮನ ಮೇಲೆ ಕೈ ಬೀಳದ ಹಾಗೆ ನೋಡಿಕೊಳ್ಳಿ. 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿದರೆ ಅಪ್ಪನಿಗೆ ದ್ರೋಹ ಮಾಡಿದ ಹಾಗೆ ಆಗಲ್ಲ.

ಪ್ರಶ್ನೆ: ಬುದ್ಧ ಪೂರ್ಣಿಮೆಗೆ ಕೃತಜ್ಞತೆ ಬಗ್ಗೆ ಕಾರ್ಯಕ್ರಮ ಮಾಡಬೇಕು ಅಂತಿದ್ದೀವಿ. ಭಾಷಣ ಬಿಟ್ಟು ಬೇರೆ ಏನು ಮಾಡಬಹುದು?
- ಯುವಕರ ಗುಂಪು, ಕೆಜಿಎಫ್

ಉತ್ತರ: ನಿಮ್ಮೂರಲ್ಲಿ ಕೇಳಿದ್ದು ಖುಷಿಯಾಯಿತು. ತಮಿಳಿನ ದಲಿತ ಚಿಂತಕ ಅಯೋತಿದಾಸ ಪಂಡಿತರು 1898ರಲ್ಲಿ ಮದ್ರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ನಿಮ್ಮ ಮಾರಿಕುಪ್ಪಂನಲ್ಲೂ ಶಾಖೆ ಇತ್ತು.

ಬುದ್ಧನ ಶಿಷ್ಯ ಸಾರಿಪುತ್ರನ ಒಂದು ಕಥೆ ಇದೆ. ರಾಧ ಅನ್ನುವ ಬಡ ಮುದುಕನಿಗೆ ದೀಕ್ಷೆ ಕೊಡೋಕೆ ಯಾರೂ ಮುಂದೆ ಬರಲಿಲ್ಲ. ಇವನಿಂದ ಉಪಕಾರ ಆದದ್ದು ಯಾರಿಗಾದರೂ ನೆನಪಿದೆಯಾ ಅಂತ ಬುದ್ಧ ಕೇಳಿದ. ಹಿಂದೊಮ್ಮೆ ಭಿಕ್ಷೆಗೆ ಹೋದಾಗ ನನಗೆ ಒಂದು ಸೌಟು ಅನ್ನ ಹಾಕಿದ್ದ ಅಂತ ಸಾರಿಪುತ್ರ ಹೇಳಿ, ತಾನೇ ದೀಕ್ಷೆ ಕೊಟ್ಟ.

ನೀವೂ ಹಾಗೆ ಹುಡುಕಿ. ನಿಮ್ಮೂರಿನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಆ ಸೆಕೆಯಲ್ಲಿ ಬಂಡೆ ಕೊರೆದವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡವರು ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಇನ್ನೂ ಇದ್ದಾರೆ. ಶಿವನಸಮುದ್ರದ ಕರೆಂಟು 1902ರಲ್ಲೇ ಗಣಿಗೆ ಬಂತು, ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ, ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೀವಿ. ಕೆಳಗಿಳಿದವರ ಹೆಸರು ಎಷ್ಟು ಜನಕ್ಕೆ ಗೊತ್ತು? ಮನೆ ಮನೆಗೆ ಹೋಗಿ, ಯಾವ ಶಾಫ್ಟ್‌ನಲ್ಲಿದ್ದರು, ಏನು ಕೆಲಸ, ಜೊತೆಗೆ ಯಾರಿದ್ದರು, ಎಲ್ಲ ಬರೆದುಕೊಳ್ಳಿ. ತಮಿಳು, ತೆಲುಗು, ಕನ್ನಡ, ಅವರಿಗೆ ಯಾವುದು ಬರುತ್ತೋ ಅದರಲ್ಲೇ ಮಾತಾಡಿಸಿ. ಪೂರ್ಣಿಮೆ ದಿನ ಮುಂದಿನ ಸಾಲಿನ ಕುರ್ಚಿ ಅವರಿಗೆ ಬಿಟ್ಟು, ಮೈಕೂ ಅವರ ಕೈಗೇ ಕೊಡಿ. ಉಸಿರಾಟದ ತೊಂದರೆ ಇರುವವರನ್ನು ಆಟೋದಲ್ಲಿ ಕರೆತಂದು ಮನೆಗೆ ಬಿಡುವ ಜವಾಬ್ದಾರಿಯನ್ನು ಈಗಲೇ ಯಾರಿಗಾದರೂ ವಹಿಸಿಬಿಡಿ.